ಜವಾಬ್ದಾರ, ಜಾಮೀನದಾರ ಮತ್ತು ‘ನಾ ಅದೀನ್ರಿ’

ಮೈಸೂರು ಸೀಮೆಯಿಂದ ವರ್ಗವಾಗಿ ಅಥಣಿಗೆ ಬಂದಿರುವ ನೀವು, ಇಲ್ಲಿಯ ಜನ ಮಾತಿನಲ್ಲಿ ‘ಹೊಣೆ’ ಎನ್ನುವುದೇ ಅಪರೂಪವಲ್ಲವೇ, ಹಾಗಾದರೆ ತಪ್ಪಿಗೆ ಯಾರು ಉತ್ತರ ಕೊಡಬೇಕೆಂಬುದನ್ನು ಯಾವ ಪದದಿಂದ ಹೇಳುತ್ತಾರೆ ಎಂದು ಕೇಳಿದ್ದೀರಿ. ಹೊಣೆ ಎಂಬುದು ಹಳಗನ್ನಡದ ‘ಪೊಣೆ’ಯಿಂದ ಬಂದ ಅಚ್ಚಗನ್ನಡ ಪದವೇ ಆಗಿದ್ದರೂ ನಮ್ಮಲ್ಲಿ ಅದು ಹೆಚ್ಚಾಗಿ ಪತ್ರಿಕೆಗೆ, ಭಾಷಣಕ್ಕೆ ಮತ್ತು ಸರ್ಕಾರಿ ಕಾಗದಕ್ಕೆ ಮೀಸಲಾಗಿದೆ. ಬಾಯಲ್ಲಿ ಓಡಾಡುವ ಪದಗಳು ಬೇರೆ, ಅವುಗಳ ತೂಕವೂ ಬೇರೆ.

ಮೊದಲನೆಯದು ಜವಾಬ್ದಾರಿ. ಇದು ನಿಮ್ಮ ಕಡೆಯೂ ಇರುವ ಪದ. ಆದರೆ ಇಲ್ಲಿಯವರ ಕಿವಿಗೆ ಅದರೊಳಗಿನ ‘ಜವಾಬು’ ಇನ್ನೂ ಜೀವಂತವಾಗಿ ಕೇಳುತ್ತದೆ. ಈ ಸೀಮೆ 1956ರ ನವೆಂಬರ್ 1ರಂದು ಆಗಿನ ಮೈಸೂರು ರಾಜ್ಯವನ್ನು, ಅಂದರೆ ಇಂದಿನ ಕರ್ನಾಟಕವನ್ನು, ಸೇರುವ ಮೊದಲು ಮುಂಬಯಿ ರಾಜ್ಯದಲ್ಲಿತ್ತು. ಹೀಗಾಗಿ ಕಚೇರಿಯ ಮಾತು ಮರಾಠಿಯ ನೆರಳಿನಲ್ಲಿ ಬೆಳೆಯಿತು. ನಿಪ್ಪಾಣಿಯಲ್ಲಿ ಅದೇ ಪದ ‘ಜಬಾಬದಾರಿ’ಯಾಗಿ ಕಿವಿಗೆ ಬೀಳುತ್ತದೆ, ವಿಜಯಪುರದ ದಖನಿ ಉರ್ದು ಮನೆಗಳಲ್ಲಿ ಅದರ ಸ್ಥಾನದಲ್ಲಿ ‘ಜಿಮ್ಮೇದಾರಿ’ ಬರುತ್ತದೆ. ಖಾನಾವಳಿಯ ಗೋಡೆಯ ಮೇಲೆ ‘ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು’ ಎಂದು ಬರೆದಿದ್ದರೆ ಅದು ಕೇವಲ ಎಚ್ಚರಿಕೆಯಲ್ಲ. ನಾಳೆ ಚಪ್ಪಲಿ ಕಳೆದರೆ ಗಲ್ಲೆಯ (ಹಣದ ಪೆಟ್ಟಿಗೆಯ) ಮೇಲೆ ಕುಳಿತವರನ್ನು ಹಿಡಿದು ಕೇಳಲು ಬರಬೇಡಿ ಎಂಬುದು ಅದರ ನಿಜವಾದ ಅರ್ಥ. ಈ ‘ಹಿಡದ ಕೇಳೂದು’ ಎಂಬ ಮಾತನ್ನು ನೀವು ಗುರುತಿಟ್ಟುಕೊಳ್ಳಬೇಕು. ‘ಹೊಣೆಗಾರರನ್ನಾಗಿಸುವುದು’ ಎಂದು ನೀವು ಟಿಪ್ಪಣಿಯಲ್ಲಿ ಬರೆಯುವ ಕ್ರಿಯೆಗೆ ಇಲ್ಲಿಯ ರೈತ ಬಳಸುವ ಮಾತು ಅದೇ: ‘ನೀರ ಬರಲಿಲ್ಲಂದ್ರ ನಾವ್ ಯಾರನ್ನ ಹಿಡದ ಕೇಳೂಣ್ರಿ?’

ನಿಮಗೆ ಹೆಚ್ಚು ತೊಡಕಾಗುವುದು ಜಾಮೀನು. ನಿಮ್ಮ ಊರಿನಲ್ಲಿ ಆ ಪದ ಕಿವಿಗೆ ಬಿದ್ದೊಡನೆ ಕೋರ್ಟು, ಪೊಲೀಸು, ಬಿಡುಗಡೆ ನೆನಪಾಗುತ್ತವೆ. ಇಲ್ಲಿ ಮೊದಲು ನೆನಪಾಗುವುದು ಪತ್ತಿನ ಸೊಸೈಟಿ, ಅಂದರೆ ಸದಸ್ಯರಿಗೆ ಸಾಲ ಕೊಡುವ ಸಹಕಾರ ಸಂಘ. ‘ಅಂವಗ ನಾ ಜಾಮೀನ ಆಗೀನಿ’ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ, ಆತ ಯಾರನ್ನೋ ಜೈಲಿನಿಂದ ಬಿಡಿಸಿ ತಂದಿದ್ದಾನೆಂದು ತಿಳಿಯಬೇಡಿ. ಬೇರೆಯವರ ಸಾಲದ ಕಾಗದಕ್ಕೆ ಸಹಿ ಮಾಡಿದ್ದಾನೆ, ಅಷ್ಟೇ. ಈ ‘ಅಷ್ಟೇ’ಯನ್ನು ಸಹಿ ಕೇಳಲು ಬಂದವರು ಬಹಳ ಹಗುರವಾಗಿ ಹೇಳುತ್ತಾರೆ. ಅವರ ಕಣ್ಣು ಮೊದಲು ಬೀಳುವುದು ಸರ್ಕಾರಿ ಶಾಲೆಯ ಮಾಸ್ತರರ ಮೇಲೆ, ಏಕೆಂದರೆ ಅವರಿಗೆ ತಿಂಗಳಿಗೊಮ್ಮೆ ಪಗಾರ (ಸಂಬಳ) ಬರುತ್ತದೆ ಮತ್ತು ಸಾಲ ಕಟ್ಟದಿದ್ದಾಗ ಆ ಪಗಾರದಲ್ಲಿ ಮುರಿದುಕೊಳ್ಳುವ ದಾರಿ ಸಂಘಕ್ಕಿರುತ್ತದೆ. ‘ಸರ, ನಿಮ್ದೊಂದ ಸಹಿ ಬೇಕಾಗಿತ್ರಿ, ಏನೂ ಆಗೂದಿಲ್ರಿ’ ಎಂದು ಮುಂಜಾನೆಯೇ ಮನೆಯ ಕಟ್ಟೆಯ ಮೇಲೆ ಕುಳಿತವರಿಗೆ ಚಹಾ ಕೊಟ್ಟು ಇಲ್ಲವೆನ್ನುವುದು ಎಷ್ಟು ಕಷ್ಟವೆಂಬುದು ಈ ಸೀಮೆಯ ಮಾಸ್ತರರಿಗೆಲ್ಲ ಗೊತ್ತು.

ಕಾಯ್ದೆಯ ಮಾತು ಸ್ಪಷ್ಟವಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನ ಬೆನ್ನು ಹತ್ತಿ, ಅವನಿಂದ ಆಗದಿದ್ದಾಗ ನನ್ನ ಬಳಿಗೆ ಬನ್ನಿ ಎಂದು ಹೇಳುವ ಹಕ್ಕು ಜಾಮೀನದಾರನಿಗೆ ಸಾಮಾನ್ಯವಾಗಿ ಇರುವುದಿಲ್ಲ. ತುಂಬಿದ ಹಣವನ್ನು ಆಮೇಲೆ ಸಾಲಗಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕೇನೋ ಇದೆ. ಆದರೆ ಸೊಸೈಟಿಗೇ ಕಟಬಾಕಿ ಉಳಿಸಿಕೊಂಡವನು ಮಾಸ್ತರರಿಗೆ ಕೊಡುತ್ತಾನೆಯೇ ಎಂಬುದನ್ನು ನೀವೇ ಊಹಿಸಬಹುದು.

ಬೆನ್ನಿಗೆ ಬೆನ್ನು ಕೊಡುವ ಈ ಪದ್ಧತಿ ಇಲ್ಲಿ ಬೇರೂರಿದ್ದಕ್ಕೆ ಇತಿಹಾಸವೂ ಇದೆ. 1904ರ ಸಹಕಾರ ಕಾಯ್ದೆಯಡಿ, 1905ರಲ್ಲಿ, ಆಗಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಪತ್ತಿನ ಸಂಘ ಹುಟ್ಟಿತು. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿ ಇರಲಿಲ್ಲ, ಸಂಘ ಮುಳುಗಿದರೆ ಸದಸ್ಯರೆಲ್ಲರೂ ಅದರ ಸಾಲಕ್ಕೆ ಬಾಧ್ಯರು. ಗಡಿ ದಾಟಿ ಕೊಲ್ಹಾಪುರದ ಕಡೆಗೆ ಹೋದರೆ ಸಂಘಗಳ ಫಲಕದ ಕೊನೆಗೆ ‘ಮರ್ಯಾದಿತ’ ಎಂದು ಕಾಣುತ್ತದೆ, ನಮ್ಮ ಕಡೆ ಅದೇ ಜಾಗದಲ್ಲಿ ‘ನಿಯಮಿತ’ ಎಂದಿರುತ್ತದೆ. ಎರಡೂ ಹೇಳುವುದು ಹೊಣೆಗೆ ಮಿತಿ ಇದೆ ಎಂಬುದನ್ನೇ, ಆದರೂ ಕನ್ನಡದ ಕಣ್ಣಿಗೆ ಮೊದಲನೆಯದರಲ್ಲಿ ಮರ್ಯಾದೆಯೇ ಕಾಣುವುದರಿಂದ ಚಿಕ್ಕೋಡಿಯ ಕಟ್ಟೆಯ ಮೇಲೆ ಆ ಬಗ್ಗೆ ಚೇಷ್ಟೆಗೆ ಕೊರತೆಯಿಲ್ಲ.

ಇನ್ನು ನಿಮಗೆ ಯಾವ ಕೋಶದಲ್ಲೂ ಸಿಗದ ಬಳಕೆಯೊಂದಿದೆ: ‘ನಾ ಅದೀನ್ರಿ.’ ಬರಿಯ ‘ನಾನು ಇದ್ದೇನೆ’ ಎಂದು ಇದನ್ನು ಓದಿದರೆ ಅರ್ಥ ಕೈತಪ್ಪುತ್ತದೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ದಲಾಲ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸಿದ ಮೇಲೂ ಕೊಳ್ಳುವವನು ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಅನುಮಾನದಿಂದ ನಿಂತಿರುತ್ತಾನೆ. ‘ನೊಗಾ ಹೂಡಿದಾಗ ಮಲಗಿದ್ರ?’ ಎಂದು ಕೇಳುತ್ತಾನೆ. ‘ನಾ ಅದೀನಿ ತಗೋರಿ’ ಎಂದು ದಲಾಲ ಹೇಳಿದನೆಂದರೆ, ಎತ್ತು ಮಲಗಿದರೆ ಮಾರಿದವನ ಮನೆಗೆ ಅಲೆಯುವ ಕೆಲಸ ಇನ್ನು ದಲಾಲನದು. ಕಾಗದವಿಲ್ಲ, ಸಾಕ್ಷಿಗೆ ಸುತ್ತ ನಿಂತ ನಾಲ್ಕು ಜನ. ಮದುವೆಯ ಮಾತುಕತೆಯಲ್ಲಿ ‘ನಡುವ ನಿಂತ’ ಹಿರಿಯರು ಹೇಳುವುದೂ ಇದನ್ನೇ, ಕಬ್ಬು ಕಡಿಯುವ ಗ್ಯಾಂಗಿನ ಪರವಾಗಿ ಮುಂಗಡ ಪಡೆಯುವ ಮುಕಾದಮನು ಹೇಳುವುದೂ ಇದನ್ನೇ. ವ್ಯತ್ಯಾಸವೆಂದರೆ, ಆಳುಗಳು ಅರ್ಧಕ್ಕೇ ಬಿಟ್ಟು ಹೋದರೆ ಮುಕಾದಮನನ್ನು ಹಿಡಿದು ಕೇಳುವವರು ಕಾಗದವನ್ನೂ ಹಿಡಿದೇ ಬರುತ್ತಾರೆ.

ನಿಮ್ಮ ಕಚೇರಿಯ ನೋಟಿಸಿನಲ್ಲಿ ‘ಹೊಣೆಗಾರರು’ ಎಂದೇ ಬರೆಯಿರಿ, ಅದು ಸರಿಯಾದ ಪದ. ಕೌಂಟರಿನ ಎದುರು ನಿಂತ ರೈತನಿಗೆ ವಿವರಿಸುವಾಗ ಮಾತ್ರ ‘ನೀವು ಇದಕ್ಕೆ ಜಾಮೀನದಾರರು, ಅವರು ಕಟ್ಟದಿದ್ದರೆ ನೀವೇ ತುಂಬಬೇಕಾಗುತ್ತದೆ’ ಎಂದು ಪೂರ್ತಿ ಬಿಡಿಸಿ, ಸಹಿ ಮಾಡಿಸಿಕೊಳ್ಳುವ ಮೊದಲೇ ಹೇಳಿ. ನೀವಾಗಿಯೇ ಯಾರಿಗಾದರೂ ಧೈರ್ಯ ತುಂಬಲೆಂದು ‘ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ’ ಎಂದು ನಮ್ಮ ಧಾಟಿಯಲ್ಲಿ ಹೇಳುವ ಮುನ್ನ ಮಾತ್ರ ಎರಡು ಸಲ ಯೋಚಿಸಿ. ಕೇಳಿದವರು ಅದನ್ನು ಸಮಾಧಾನದ ಮಾತೆಂದು ತಿಳಿಯುವುದಿಲ್ಲ.