ಸಂಪಾದಕರ ಉತ್ತರ: ಮಳೆಗೆ ಮರೆ, ಬಳ್ಳಿಗೆ ಆಸರೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರಿಗೆ ನಮಸ್ಕಾರ.

ನಿಮ್ಮೂರಿನ ಹೊಸ ಬಸ್ ಶೆಲ್ಟರಿನ ಕನ್ನಡ ಫಲಕದಲ್ಲಿ ‘ಪ್ರಯಾಣಿಕರ ಆಶ್ರಯ ಕೇಂದ್ರ’ ಎಂದು ಬರೆದಿರುವುದನ್ನು ಕಂಡು, ಇದು ಸರಿಯೇ, ಶೆಲ್ಟರಿಗೆ ನಮ್ಮಲ್ಲಿ ಬೇರೆ ಮಾತಿಲ್ಲವೇ ಎಂದು ಕೇಳಿದ್ದೀರಿ. ನಿಘಂಟನ್ನಷ್ಟೇ ನೋಡಿದರೆ ತಪ್ಪೆನ್ನಲಾಗದು. ಆದರೆ ಅದನ್ನು ಓದಿದವರು ಒಳಗೆ ದಿಕ್ಕಿಲ್ಲದವರನ್ನು ಇರಿಸಿಕೊಂಡಿದ್ದಾರೆಂದು ತಿಳಿದರೆ ಅವರನ್ನು ದೂರುವಂತಿಲ್ಲ.

‘ಆಶ್ರಯ’ ಎಂದೊಡನೆ ಅದನ್ನು ಕೊಡುವವರೊಬ್ಬರು ಇರಬೇಕಾಗುತ್ತದೆ. ಕರ್ನಾಟಕದಲ್ಲಿ ‘ಆಶ್ರಯ ಮನೆ’ ಎಂದರೆ ಸರಕಾರದ ನೆರವಿನಿಂದ ಬಡವರಿಗೆ ದೊರೆತ ಮನೆ. ಕೇರಳದಲ್ಲಿ ಬಡತನ ನಿವಾರಣೆಯ ಸರಕಾರಿ ಮಿಷನ್ ಆದ ಕುಟುಂಬಶ್ರೀಯ ‘ಆಶ್ರಯ’ ನಿರ್ಗತಿಕ ಕುಟುಂಬಗಳಿಗಾಗಿ ಬಂದ ಯೋಜನೆ. ಇದರ ತದ್ಭವವಾದ ‘ಆಸರೆ’ಗೆ ಆ ಗಾಂಭೀರ್ಯವಿಲ್ಲ: ಅಡಿಕೆ ಮರ ಕಾಳುಮೆಣಸಿನ ಬಳ್ಳಿಗೆ ಆಸರೆ, ಮಗಳು ಮುದಿ ತಾಯಿಗೆ ಆಸರೆ. ಹವ್ಯಕರ ಮನೆಯಲ್ಲಿ ‘ಆಸರಿಂಗೆ ಎಂತ ಅಕ್ಕು?’ (ಕುಡಿಯಲು ಏನಾಗಬಹುದು?) ಎಂದು ಕೇಳುವ ‘ಆಸರು’ ಮಾತ್ರ ಬೇರೆಯೇ. ಅದು ಬಾಯಾರಿಕೆ, ದಣಿವನ್ನು ಹೇಳುವ ಹಳಗನ್ನಡದ ‘ಆಸಱ್’ ಎಂಬುದರ ಬಳಗ.

ಮಳೆಗೆ ಬೇಕಾದುದು ‘ಮರೆ’. ಆಟಿ ತಿಂಗಳಲ್ಲಿ ಮಳೆ ಗಾಳಿಯೊಡನೆ ಓರೆಯಾಗಿ ಹೊಡೆದು ಕೊಡೆ ಮಗುಚಿದಾಗ ಅಂಗಡಿಯ ಜಗಲಿಗೆ ಹತ್ತಿದವನು, ಮಳೆಗೆ ಸ್ವಲ್ಪ ಮರೆಗೆ ನಿಂತೆ ಎನ್ನುತ್ತಾನೆಯೇ ಹೊರತು ಆಶ್ರಯ ಪಡೆದೆ ಎನ್ನುವುದಿಲ್ಲ. ಅಂಗಡಿಯವರೂ ಆಶ್ರಯ ಕೊಟ್ಟೆವೆಂದುಕೊಳ್ಳದೆ, ಕೊಡೆಯ ನೀರು ಅಕ್ಕಿ ಚೀಲಕ್ಕೆ ಬೀಳದಂತೆ ಆಚೆ ಹಿಡಿಯಿರಿ ಎನ್ನುತ್ತಾರೆ. ಈ ಸಣ್ಣ ಮಾತನ್ನೇ ಹಿಡಿದು ನಮ್ಮ ಹಿರಿಯರು ಶರಣಾಗುವುದಕ್ಕೆ ‘ಮರೆಹೊಗು’ ಎಂದರು.

ಇನ್ನು ಫಲಕದ ಮಾತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕಚೇರಿಯ ಕನ್ನಡ ಹೆಚ್ಚಾಗಿ ಅನುವಾದದ ಕನ್ನಡ. ಮಲಯಾಳದ ‘ಕಾತ್ತಿರಿಪ್ಪ್ ಕೇಂದ್ರಂ’ ಎಂಬುದು ಕಾಯುವ ಜಾಗವೆಂದು ನೇರವಾಗಿ ಹೇಳುತ್ತದೆ; ಅದನ್ನು ನೋಡಿ ಬರೆದಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ಕನ್ನಡದಲ್ಲಿ ‘ಬಸ್ ತಂಗುದಾಣ’ ಬಳಕೆಯಲ್ಲಿದೆ. ‘ತಂಗು’ ಎಂದರೆ ರಾತ್ರಿ ಉಳಿಯುವುದೂ ಆಗುತ್ತದೆಂದು ಕೆಲವರು ಆಕ್ಷೇಪಿಸುವರು. ಕೊನೆಯ ಬಸ್ಸು ತಪ್ಪಿದವರು ಆಕ್ಷೇಪಿಸಲಾರರು. ಬಾಯಿಮಾತಿನ ‘ಶೆಲ್ಟರ್’, ‘ವೈಟಿಂಗ್ ಶೆಡ್’ಗಳ ಮೇಲೂ ನಮಗೆ ಮುನಿಸಿಲ್ಲ.

‘ಆಶ್ರಯ ಕೇಂದ್ರ’ ಎಂಬ ಹೆಸರನ್ನು, ನೆರೆ ಬಂದಾಗ ಮನೆ ಬಿಟ್ಟವರನ್ನು ಇರಿಸಿಕೊಳ್ಳುವ ಶಾಲೆಗೆ ಮೀಸಲಿಡುವುದು ಲೇಸು. ಆ ಹೊತ್ತಿನಲ್ಲಿ ಜನ ಫಲಕ ಓದಿ ಬಸ್ಸು ನಿಲ್ಲುವಲ್ಲಿಗೆ ಬರಬಾರದಷ್ಟೆ. ಪಂಚಾಯತಿಗೆ ಮನವಿ ಬರೆಯುವಾಗ ಈ ಕಾರಣವನ್ನೇ ಮೊದಲು ಬರೆಯಿರಿ.

— ಸಂಪಾದಕ