ಶಾಲೆಯಲ್ಲಿ ‘ಮಕ್ಕಳ ಸಂತೆ’ ನಡೆಸಿದರೆ ಉದ್ಯಮಶೀಲತೆ ಕಲಿಸಿದಂತಾಯಿತೇ?

ಅರ್ಧ ಮಾತ್ರ. ಉಳಿದರ್ಧ ಸಂತೆ ಮುಗಿದ ಮೇಲಿನ ಲೆಕ್ಕದಲ್ಲಿದೆ, ಅದನ್ನೇ ಹಲವು ಶಾಲೆಗಳು ಕೈಬಿಡುತ್ತವೆ.

ಹಾಸನದ ಕಡೆಯ ಹಳ್ಳಿಶಾಲೆಯೊಂದರ ಸಂತೆಯನ್ನೇ ನೋಡಿ. ಏಳನೇ ತರಗತಿಯ ಹುಡುಗಿ ಹಿತ್ತಲಿನ ದಂಟಿನ ಸೊಪ್ಪನ್ನು ಕಟ್ಟಿಗೆ 10 ರೂಪಾಯಿಯಂತೆ ಮಾರುತ್ತಾಳೆ. 20 ಕಟ್ಟು ಹೋದರೆ 200 ರೂಪಾಯಿ ಲಾಭವೆಂದು ಹಿಗ್ಗುತ್ತಾಳೆ. ಬೀಜ, ಗೊಬ್ಬರ, ದಿನವೂ ನೀರು ಹಾಕಿದ ಅಮ್ಮನ ದುಡಿಮೆ, ಮಧ್ಯಾಹ್ನಕ್ಕೆ ಬಾಡಿಹೋದ ಐದು ಕಟ್ಟು, ಯಾವುದೂ ಲೆಕ್ಕಕ್ಕೆ ಬಂದಿರುವುದಿಲ್ಲ. ಕೊಳ್ಳುವವರು ಮೇಷ್ಟ್ರು, ಪೋಷಕರು; ಅಕ್ಕರೆಯಿಂದ ಕೊಳ್ಳುತ್ತಾರೆ, ಚೌಕಾಸಿ ಮಾಡುವುದಿಲ್ಲ.

ಎಲ್ಲಿ ಸೋತೆವೆಂದು ಕಂಡುಕೊಂಡು ಮುಂದಿನ ಸಲ ಬೇರೆ ರೀತಿ ಮಾಡುವುದೇ ಉದ್ಯಮಶೀಲತೆ. ವರ್ಷಕ್ಕೊಂದೇ ಸಂತೆಯಾದರೆ ಆ ‘ಮುಂದಿನ ಸಲ’ ಬರುವುದೇ ಇಲ್ಲ. ದೆಹಲಿಯ ಸರ್ಕಾರಿ ಶಾಲೆಗಳು 2019ರಲ್ಲಿ 9ರಿಂದ 12ನೇ ತರಗತಿಗೆ ಉದ್ಯಮಶೀಲತೆಯನ್ನು ಪಠ್ಯಕ್ರಮವಾಗಿಯೇ ತಂದವು. ಬಳಿಕ ಹಿರಿಯ ವಿದ್ಯಾರ್ಥಿಗಳಿಗೆ ತಲಾ 2,000 ರೂಪಾಯಿವರೆಗೆ ಬಂಡವಾಳವನ್ನೂ ಕೊಟ್ಟವು.

ನಮ್ಮ ಶಾಲೆಗಳು ಆರಂಭಿಸಲು ಅಷ್ಟು ಹಣವೂ ಬೇಡ. ಸಂತೆಯ ಮರುದಿನ ಗಣಿತದ ಒಂದು ಪೀರಿಯಡ್‌ನಲ್ಲಿ ಪ್ರತಿ ಮಗುವೂ ಅಸಲು, ಮಾರಾಟ, ಉಳಿಕೆ ಬರೆಯಲಿ. ತಿಂಗಳೊಳಗೆ ಅದೇ ಮಕ್ಕಳು, ಮೇಷ್ಟ್ರ ಜೊತೆ, ಊರಿನ ವಾರದ ಸಂತೆಯಲ್ಲಿ ಅಪರಿಚಿತರಿಗೆ ಮಾರಿ ನೋಡಲಿ.