ಸರಾಸರಿಯಿಂದ ಬಿಟ್ಟುಹೋದ ಐದು ದೇಶಗಳು

ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗಗಳು ಸರ್ಕಾರಕ್ಕೆ, ಜನರಿಗೆ ಏನು ಉಪಯೋಗ ಎಂದು ಕೇಳಿ ಈ ಸಲ ನಾಲ್ಕು ಪತ್ರ ಬಂದಿವೆ. ಅಂಥದೇ ಒಂದು ವಿಭಾಗದಲ್ಲಿ 28 ವರ್ಷ ಪಾಠ ಮಾಡಿದವಳು ನಾನು. ನಾಲ್ಕಕ್ಕೂ ಉತ್ತರ ಬರೆಯಬೇಕು ಅನ್ನಿಸಿತು.

ಪ್ರಶ್ನೆ: ಮಗಳು ಅರ್ಥಶಾಸ್ತ್ರದಲ್ಲಿ ಎಂಎ ಓದುತ್ತಿದ್ದಾಳೆ. ಅವಳ ಪ್ರೊಫೆಸರ್‌ಗಳು ಯಾವಾಗಲೂ ಸಮಿತಿ, ಸಭೆ, ವರದಿ ಅಂತ ಓಡಾಡುತ್ತಿರುತ್ತಾರಂತೆ. ಪಾಠ ಮಾಡುವವರಿಗೆ ಇದೆಲ್ಲ ಯಾಕೆ?

ಉತ್ತರ: ಅದರಿಂದ ಕ್ಲಾಸು ತಪ್ಪುತ್ತಿದ್ದರೆ ಅದು ತಪ್ಪೇ. ಮಗಳು ವಿಭಾಗದ ಮುಖ್ಯಸ್ಥರಿಗೆ ಧೈರ್ಯವಾಗಿ ಹೇಳಲಿ. ಆದರೆ ಆ ಓಡಾಟದಿಂದ ಅವಳಿಗೇ ಲಾಭ ಆಗಬಹುದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಾಮನ್ಸ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರಿದ್ದರು. ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳಲು ಆ ರಾಜ್ಯ 1911ರಲ್ಲಿ ಒಂದು ಆಯೋಗ ಮಾಡಿತು. ಅದರ ಕಾನೂನಿಗೆ ಕರಡು ಬರೆದವರು ಅವರು. ಬರೆದು ಸುಮ್ಮನಾಗಲಿಲ್ಲ, ಎರಡು ವರ್ಷ ಆ ಆಯೋಗದಲ್ಲೇ ಕೂತು ಕೆಲಸ ಮಾಡಿದರು. ಅವರ ಶಿಷ್ಯ ಎಡ್ವಿನ್ ವಿಟ್ಟಿ ಅದೇ ವಿಭಾಗದಲ್ಲಿ ಮೇಷ್ಟ್ರಾದರು. ವೃದ್ಧರಿಗೆ, ಕೆಲಸ ಕಳೆದುಕೊಂಡವರಿಗೆ ಏನು ಮಾಡಬೇಕು ಎಂದು ಯೋಜನೆ ಹಾಕಲು 1934ರಲ್ಲಿ ವಾಷಿಂಗ್ಟನ್‌ನಿಂದ ಅವರಿಗೆ ಕರೆ ಬಂತು. ಮರುವರ್ಷವೇ ಸಾಮಾಜಿಕ ಭದ್ರತಾ ಕಾನೂನು ಬಂತು. ವಿಟ್ಟಿ ಹೋಗುವಾಗ ಆಗಷ್ಟೇ ಪದವಿ ಮುಗಿಸಿದ್ದ ವಿಲ್ಬರ್ ಕೋಹೆನ್ ಎಂಬ ಹುಡುಗನನ್ನು ಸಹಾಯಕ್ಕೆ ಕರೆದುಕೊಂಡು ಹೋಗಿದ್ದರು. ಆ ಹುಡುಗ 1968ರಲ್ಲಿ ಅದೇ ದೇಶದ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಖಾತೆಯ ಮುಖ್ಯಸ್ಥನಾದ.

ಹಾಗಾಗಿ ಮಗಳಿಗೆ ಒಂದು ಮಾತು ಹೇಳಿ. ಯಾವುದಾದರೂ ವರದಿಗೆ ಅಂಕಿಅಂಶ ಸೇರಿಸುವ ಕೆಲಸ ಇದ್ದರೆ ಕೇಳಿ ತೆಗೆದುಕೊಳ್ಳಲಿ.

ಪ್ರಶ್ನೆ: ಒಬ್ಬ ಅರ್ಥಶಾಸ್ತ್ರಜ್ಞ ಸರ್ಕಾರ ಸಾಲ ಮಾಡಲಿ ಅಂತಾರೆ, ಇನ್ನೊಬ್ಬ ಬೇಡ ಅಂತಾರೆ. ಇಬ್ಬರೂ ದೊಡ್ಡ ವಿಶ್ವವಿದ್ಯಾಲಯದವರೇ. ನಾವು ಯಾರನ್ನು ನಂಬಬೇಕು?

ಉತ್ತರ: ಹೆಸರು ನೋಡಿ ನಂಬಬೇಡಿ. ಲೆಕ್ಕ ತೋರಿಸುವವರನ್ನು ನಂಬಿ. ಸಾಲದ ಮಾತು ಎತ್ತಿದಿರಿ, ಅದರದೇ ಕಥೆ ಹೇಳುತ್ತೇನೆ.

2010ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಹಾರ್ವರ್ಡ್‌ನ ಕೆನೆತ್ ರೋಗಾಫ್ ಒಂದು ಪ್ರಬಂಧ ಪ್ರಕಟಿಸಿದರು. ದೇಶದ ಸಾಲ ಅದರ ಒಟ್ಟು ಉತ್ಪನ್ನದ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂಬುದು ಅದರ ಸಾರ. ಎರಡನೇ ಮಹಾಯುದ್ಧದ ನಂತರದ ಲೆಕ್ಕದಲ್ಲಿ ಅಂಥ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ವರ್ಷಕ್ಕೆ ಶೇ. ಮೈನಸ್ 0.1 ಎಂದು ತೋರಿಸಿದ್ದರು. ಸರ್ಕಾರಿ ಖರ್ಚು ಕಡಿಮೆ ಮಾಡಬೇಕು ಎನ್ನುತ್ತಿದ್ದ ರಾಜಕಾರಣಿಗಳು ಈ 90ನ್ನು ಹೋದಲ್ಲೆಲ್ಲ ಹೇಳಿದರು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಥಾಮಸ್ ಹರ್ನ್‌ಡನ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ಕ್ಲಾಸಿನಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದರು. ಪ್ರಕಟವಾದ ಒಂದು ಪ್ರಬಂಧ ತೆಗೆದುಕೊಂಡು ಅದರ ಲೆಕ್ಕ ಮತ್ತೆ ಮಾಡಿ ತೋರಿಸಬೇಕು. ಅವನು ಇದನ್ನು ಆರಿಸಿಕೊಂಡ. ಎಷ್ಟು ಸಲ ಮಾಡಿದರೂ ಲೆಕ್ಕ ತಾಳೆ ಆಗಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿದ. ಅವರು ತಮ್ಮ ಎಕ್ಸೆಲ್ ಫೈಲನ್ನು ಕಳಿಸಿದರು. ಅದನ್ನು ತೆರೆದು ನೋಡಿದರೆ ಸರಾಸರಿಯ ಸೂತ್ರ ಕೊನೆಯ ಸಾಲಿನವರೆಗೆ ಹೋಗಿರಲಿಲ್ಲ. 20 ದೇಶಗಳಲ್ಲಿ ಐದು ಹೊರಗೇ ಉಳಿದಿದ್ದವು: ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲು ಬರುವ ಐದು ದೇಶಗಳು! ಪಟ್ಟಿ ಉಲ್ಟಾ ಕ್ರಮದಲ್ಲಿದ್ದುದರಿಂದ ಅವು ಕೊನೆಯಲ್ಲಿದ್ದವು. ಇದಲ್ಲದೆ ಕೆಲವು ವರ್ಷಗಳ ಅಂಕಿಅಂಶ ಸೇರಿರಲಿಲ್ಲ. ಸರಾಸರಿ ತೆಗೆಯುವಾಗ ಯಾವ ದೇಶಕ್ಕೆ ಎಷ್ಟು ಮಹತ್ವ ಎಂದು ತೂಕ ಕೊಟ್ಟ ರೀತಿಯೂ ಸರಿಯಿಲ್ಲ ಎಂದು ಅವನಿಗೆ ಅನ್ನಿಸಿತು. ತನ್ನ ಇಬ್ಬರು ಮೇಷ್ಟ್ರುಗಳ ಜೊತೆ ಸೇರಿ 2013ರಲ್ಲಿ ಹೊಸ ಲೆಕ್ಕ ಪ್ರಕಟಿಸಿದ. ಮೈನಸ್ 0.1 ಇದ್ದದ್ದು ಪ್ಲಸ್ 2.2 ಆಯಿತು.

ರೈನ್‌ಹಾರ್ಟ್, ರೋಗಾಫ್ ಎಕ್ಸೆಲ್ ತಪ್ಪನ್ನು ಒಪ್ಪಿಕೊಂಡರು. ಸಾಲ ಜಾಸ್ತಿ ಇರುವ ಕಡೆ ಬೆಳವಣಿಗೆ ಕಡಿಮೆ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ಆ ವಾದ ಇವತ್ತಿಗೂ ಇದೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಅವರು ಫೈಲ್ ಕಳಿಸದಿದ್ದರೆ ಈ ತಪ್ಪು ಹೊರಗೆ ಬರುತ್ತಲೇ ಇರಲಿಲ್ಲ, ಅಲ್ವಾ? ಒಂದು ವಿಭಾಗ ಸರ್ಕಾರಕ್ಕೆ ಸಲಹೆ ಕೊಟ್ಟಾಗ ಆ ಫೈಲು ಎಲ್ಲಿದೆ ಎಂದು ಕೇಳಿ. ಮೂರು ವರ್ಷ ಆ 90ನ್ನು ಎತ್ತಿ ಹೇಳಿದವರಲ್ಲಿ ಎಷ್ಟು ಜನ ಅದನ್ನು ಕೇಳಿದ್ದರು ಎಂದು ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ: ಅರ್ಥಶಾಸ್ತ್ರಜ್ಞರ ಸಂಶೋಧನೆಯಿಂದ ಒಂದು ಜೀವವಾದರೂ ಉಳಿದಿದೆಯೇ?

ಉತ್ತರ: ಉಳಿದಿದೆ. ಹೆಂಡತಿಗೆ ಕಿಡ್ನಿ ಕೊಡಲು ಗಂಡ ಸಿದ್ಧನಿದ್ದಾನೆ, ಆದರೆ ರಕ್ತದ ಗುಂಪು ಹೊಂದುವುದಿಲ್ಲ. ಇನ್ನೊಂದು ಕಡೆ ಇಂಥದೇ ಇನ್ನೊಂದು ಜೋಡಿ ಇದೆ. ಈ ಗಂಡನ ಕಿಡ್ನಿ ಆ ರೋಗಿಗೆ, ಆ ಕಡೆಯ ದಾನಿಯ ಕಿಡ್ನಿ ಈ ಹೆಂಡತಿಗೆ ಹೊಂದಿದರೆ? ದುಡ್ಡಿನ ಮಾತೇ ಇಲ್ಲದೆ ಇಬ್ಬರೂ ಬದುಕುತ್ತಾರೆ. ಇಂಥ ಜೋಡಿಗಳನ್ನು ಹುಡುಕಿ ಹೊಂದಿಸುವ ವಿಧಾನವನ್ನು ಆಲ್ವಿನ್ ರಾತ್, ತೈಫೂನ್ ಸೋನ್ಮೆಜ್, ಉತ್ಕು ಉನ್ವರ್ ರೂಪಿಸಿದರು. ಮೂವರೂ ಅರ್ಥಶಾಸ್ತ್ರಜ್ಞರು. ಅವರ ಮೊದಲ ಯೋಜನೆಯಲ್ಲಿ ಮೂರು, ನಾಲ್ಕು, ಇನ್ನೂ ಜಾಸ್ತಿ ಜೋಡಿಗಳ ಸುತ್ತು ಇತ್ತು, ಅಂದರೆ ಒಂದು ಜೋಡಿಯ ದಾನಿಯ ಕಿಡ್ನಿ ಮುಂದಿನ ಜೋಡಿಯ ರೋಗಿಗೆ ಹೋಗುತ್ತಾ ಕೊನೆಗೆ ಮೊದಲ ಜೋಡಿಗೇ ಬರುವುದು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಅದು ಆಗುವುದಿಲ್ಲ ಎಂದರು. ಒಬ್ಬರಿಗೆ ಕಿಡ್ನಿ ಸಿಕ್ಕಿದ ಮೇಲೆ ಅವರ ಕಡೆಯ ದಾನಿ ಮನಸ್ಸು ಬದಲಾಯಿಸಿದರೆ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಅದಕ್ಕೇ ಎಲ್ಲ ಆಪರೇಷನ್ ಒಂದೇ ಹೊತ್ತಿಗೆ ನಡೆಯಬೇಕು. ಎರಡೇ ಜೋಡಿ ಇದ್ದರೂ ನಾಲ್ಕು ಆಪರೇಷನ್! ಮೂವರೂ ವಾಪಸ್ ಹೋಗಿ ಎರಡೆರಡೇ ಜೋಡಿಗೆ ಹೊಂದುವ ಹಾಗೆ ಲೆಕ್ಕವನ್ನು ಮತ್ತೆ ಕಟ್ಟಿದರು. 2004ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದ ಆಸ್ಪತ್ರೆಗಳಿಗಾಗಿ ಇದರ ಕೇಂದ್ರ ಶುರುವಾಯಿತು. 2012ರಲ್ಲಿ ರಾತ್ ಅವರಿಗೆ ನೊಬೆಲ್ ಬಂತು. ನನಗೆ ಆ ಬಹುಮಾನಕ್ಕಿಂತ, ವೈದ್ಯರ ಮಾತು ಕೇಳಿ ಲೆಕ್ಕ ಬದಲಾಯಿಸಿದ್ದೇ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ನಾನು ಉಪನ್ಯಾಸಕಿ. ನಮ್ಮದು ನಾಲ್ಕೇ ಜನರ ವಿಭಾಗ. ಯಾವ ಮಂತ್ರಿಯೂ ನಮ್ಮನ್ನು ಕರೆಯುವುದಿಲ್ಲ. ಜನರಿಗಾಗಿ ನಾವೇನು ಮಾಡಬಹುದಮ್ಮ?

ಉತ್ತರ: ಕರೆ ಬರಲಿ ಅಂತ ಕಾಯಬೇಡಿ. ಒಂದು ಸಂಜೆ ವಿಭಾಗದ ಬಾಗಿಲು ತೆರೆದು ಜನರನ್ನು ನೀವೇ ಕರೆಯಿರಿ.

ನಾವೂ ಹಾಗೆ ಮಾಡಿದ್ದೆವು. ಮೊದಲ ಸಂಜೆ ನಾನು ಬೆಲೆ ಏರಿಕೆಯ ಬಗ್ಗೆ ಮಾತಾಡಿದೆ. ಹಣದುಬ್ಬರ ಇಳಿದಿದೆ ಎಂದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಎದ್ದು ನಿಂತರು. "ಯಾವ ಬೆಲೆ ಇಳಿದಿದೆ ಮೇಡಂ? ಒಂದಾದರೂ ಹೇಳಿ" ಎಂದರು. ಸಭೆಯೆಲ್ಲ ಅವರ ಪರ ಇತ್ತು. ಇರಬೇಕಾದದ್ದೇ. ನಾನು ಬೋರ್ಡಿಗೆ ಹೋಗಿ ಬರೆದೆ: 100 ಇದ್ದದ್ದು ಮೊದಲ ವರ್ಷ 110 ಆಯಿತು, ಅಂದರೆ ಏರಿಕೆ ಶೇ. 10. ಎರಡನೇ ವರ್ಷ 115.5 ಆಯಿತು, ಏರಿಕೆ ಶೇ. 5. ಹಣದುಬ್ಬರ ಅರ್ಧಕ್ಕೆ ಇಳಿದಿದೆ, ಬೆಲೆ ಮಾತ್ರ ಏರುತ್ತಲೇ ಇದೆ. ಅವರು ಬೋರ್ಡನ್ನೇ ನೋಡುತ್ತಾ, "ಹಾಗಾದರೆ ನನ್ನ ಸಂಬಳ 115.5 ಆಗದಿದ್ದರೆ ನನಗೆ ನಷ್ಟವೇ" ಎಂದರು. ವರ್ಷವಿಡೀ ಕ್ಲಾಸಿನಲ್ಲಿ ಯಾರಿಂದಲೂ ಅಷ್ಟು ಚೆನ್ನಾದ ಉತ್ತರ ನನಗೆ ಸಿಕ್ಕಿರಲಿಲ್ಲ.

ಅವತ್ತಿನಿಂದ ನಮ್ಮ ವಿಭಾಗದ ಯಾವ ವರದಿಯಲ್ಲೂ "ಹಣದುಬ್ಬರ ಇಳಿದಿದೆ" ಎಂದು ಬರೆದು ಬಿಡಲಿಲ್ಲ. ಕೆಳಗೆ ಆ ಮೂರು ಸಂಖ್ಯೆಗಳನ್ನೂ ಹಾಕಿದೆವು. ನಿಮ್ಮ ನಾಲ್ವರಲ್ಲಿ ಒಬ್ಬರು ಬೋರ್ಡಿನ ಹತ್ತಿರ ನಿಲ್ಲಿ, ಉಳಿದ ಮೂವರು ಜನರ ನಡುವೆ ಕೂತು ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.